ಅವ್ವನ ಎಣ್ಣಿ ಲೆಕ್ಕಕ್ಕಿಲ್ಲ

ಹುನಗುಂದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ ಮಕ್ಕಳ ಸಂತೆ ಕೂಡಿತ್ತು. ಬೇವಿನ ಗಿಡದ ಕೆಳಗೆ ತಾಡಪಾಲು ಹಾಸಿದ್ದರು. ಒಂದು ಸಾಲಿನಲ್ಲಿ ಮೆಂತೆ, ಹಕ್ಕರಿಕಿ, ಬದನೆ. ಇನ್ನೊಂದು ಸಾಲಿನಲ್ಲಿ ಚುರುಮರಿ, ಗಿರಮಿಟ್ಟು, ಮಿರ್ಚಿ. ಸಹಜವಾಗಿ ಎರಡನೆಯ ಸಾಲಿನಲ್ಲೇ ಶಿಕ್ಷಣ ಇಲಾಖೆ ನಿಂತಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಖಾಲಿ ಬುಟ್ಟಿಯ ಹಿಂದೆ ಕುಳಿತು ಚಿಲ್ಲರೆ ಎಣಿಸುತ್ತಿದ್ದಳು. ನಾನು ಅಂದಿನ ಮುಖ್ಯ ಅತಿಥಿ. ಮುಖ್ಯ ಅತಿಥಿ ಆದವನು ಏನಾದರೂ ಕೇಳಬೇಕಲ್ಲ, ಕೇಳಿದೆ.

“ಎಷ್ಟು ವ್ಯಾಪಾರ ಆತವ್ವಾ?”

“ಎರಡು ನೂರಾ ನಲವತ್ತು ರೂಪಾಯಿ ರೀ ಸರ.”

“ಲಾಭ ಎಷ್ಟು?”

“ಎರಡು ನೂರಾ ನಲವತ್ತರಿ.”

“ಮತ್ತ ಬಂಡವಾಳ?”

“ಬಂಡವಾಳ ಏನೂ ಇಲ್ರಿ. ಎಣ್ಣಿ ಅವ್ವಂದು, ಹಿಟ್ಟು ಅವ್ವಂದು. ಮೆಣಸಿನಕಾಯಿ ಪಾಲಿನ ಹೊಲದ್ದು. ನಸಕಿನ್ಯಾಗ ಎದ್ದು ಕರದಾಕಿನೂ ಅವ್ವನ.”

ಹೆಡ್‌ಮಾಸ್ತರರು ಚಪ್ಪಾಳೆ ಹೊಡೆದರು. ಅವರು ಹೊಡೆದದ್ದು ನೋಡಿ ಎಲ್ಲರೂ ಹೊಡೆದರು. ಬಂಡವಾಳ ಸೊನ್ನೆ, ಲಾಭ 240. ಬೆಂಗಳೂರಿನ ಕಂಪನಿಗಳು ಹತ್ತು ವರ್ಷ ಮಂದಿಯ ಎಣ್ಣೆಯಲ್ಲಿ ಕರಿದೂ ಇಂಥ ಲಾಭ ಕಂಡಿಲ್ಲ. ‘ಅತ್ಯುತ್ತಮ ಉದ್ಯಮಿ’ ಬಹುಮಾನದ ಸ್ಟೀಲ್ ಡಬ್ಬಿ ಇವಳಿಗೇ ಎಂದು ಅಲ್ಲೇ ಗೊತ್ತಾಗಿಹೋಯಿತು.

ಹುಡುಗಿಯನ್ನು ತಪ್ಪು ಅನ್ನುವಂತಿಲ್ಲ. ದೇಶದ ವರಮಾನ ಲೆಕ್ಕ ಹಾಕುವ ದೊಡ್ಡ ಪಂಡಿತರೂ ಇದನ್ನೇ ಮಾಡುವುದು. ಖಾನಾವಳಿಯಲ್ಲಿ ಕರಿದ ಭಜಿ ರಾಷ್ಟ್ರೀಯ ಆದಾಯಕ್ಕೆ ಸೇರುತ್ತದೆ, ಅವ್ವ ಒಲೆಯ ಮುಂದೆ ಕುಳಿತು ಮನೆಮಂದಿಗೆ ಕರಿದದ್ದು ಸೇರುವುದಿಲ್ಲ. ಏಳನೆಯ ತರಗತಿಯಲ್ಲೇ ಹುಡುಗಿ ದಿಲ್ಲಿಯ ಮಟ್ಟಕ್ಕೆ ಏರಿದ್ದಳು.

ನನ್ನನ್ನೇ ಏಕೆ ಕರೆದರು ಎಂಬುದಕ್ಕೂ ಒಂದು ಅರ್ಥಶಾಸ್ತ್ರವಿದೆ. ಬ್ಯಾಂಕಿನವರಿಗೆ ಮಾರ್ಚ್ ಟಾರ್ಗೆಟ್ ಇತ್ತು. ಊರಿನ ದೊಡ್ಡ ವ್ಯಾಪಾರಿಗೆ ವ್ಯಾಪಾರ ಇತ್ತು. ಏನೂ ಇಲ್ಲದವನು ನಾನೊಬ್ಬ ಸಿಕ್ಕೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಸಂಪನ್ಮೂಲ ವ್ಯಕ್ತಿ’ ಎಂದು ಅಚ್ಚಾಗಿತ್ತು. ಅದನ್ನು ಓದಿ ನನ್ನ ಹೆಂಡತಿ ಎರಡು ದಿನ ನಕ್ಕಳು. ಕಾರಣವಿದೆ. ನಾನು ಕಟ್ಟುತ್ತಿದ್ದ ಚೀಟಿಯ ಯಜಮಾನ ಒಂದು ಅಮಾವಾಸ್ಯೆಯ ರಾತ್ರಿ ಮನೆಗೆ ಕೀಲಿ ಹಾಕಿ ಹೋದವನು ಇನ್ನೂ ಬಂದಿಲ್ಲ. ನಾನು ಮಾತ್ರ ಇನ್ನೂ ಆ ಓಣಿಯಲ್ಲಿ ಹಾಯುವಾಗ ಕೀಲಿಯ ಕಡೆ ಒಂದು ಕಣ್ಣು ಹಾಕುತ್ತೇನೆ. ‘ಐದು ವರ್ಷಕ್ಕೆ ಡಬಲ್’ ಎಂದು ಒಬ್ಬ ಪರಿಚಯಸ್ಥ ಮಾಡಿಸಿದ ಪಾಲಿಸಿಯಲ್ಲಿ ಡಬಲ್ ಆದದ್ದು ಅವನ ಮನೆಯ ಮಹಡಿ. ಇಂಥವನು ಮಕ್ಕಳಿಗೆ ಹಣದ ಪಾಠ ಹೇಳಲು ಹೊರಟಿದ್ದ.

ಸಂದರ್ಭ ಆರ್ಥಿಕ ಸಾಕ್ಷರತಾ ಸಪ್ತಾಹ. ರಿಸರ್ವ್ ಬ್ಯಾಂಕ್ ಇದನ್ನು ಪ್ರತಿ ವರ್ಷ ಫೆಬ್ರವರಿಯಲ್ಲಿ ಆಚರಿಸುತ್ತದೆ. ಇದಲ್ಲದೆ ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರ ಎಂಬುದೊಂದಿದೆ. ರಿಸರ್ವ್ ಬ್ಯಾಂಕ್, ಸೆಬಿ, ವಿಮಾ ಪ್ರಾಧಿಕಾರ, ಪಿಂಚಣಿ ಪ್ರಾಧಿಕಾರ ನಾಲ್ಕೂ ಸೇರಿ ಕಟ್ಟಿದ್ದು. ಶಾಲೆಯ ಮಕ್ಕಳಿಗೆ ಪರೀಕ್ಷೆ ನಡೆಸುತ್ತದೆ, ಪುಸ್ತಕ ತರುತ್ತದೆ. ಅದರ 2019ರ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಆರ್ಥಿಕ ಸಾಕ್ಷರರು ಶೇ 27. ಅಂದರೆ ದೊಡ್ಡವರಲ್ಲಿ ನೂರಕ್ಕೆ 73 ಜನಕ್ಕೆ ರೊಕ್ಕದ ವಿಷಯ ತಿಳಿಯದು. ಆದ್ದರಿಂದ ಮಕ್ಕಳಿಗೆ ಕಲಿಸಬೇಕು! ಮಾಳಿಗೆ ಸೋರಿದರೆ ತೊಟ್ಟಿಲ ಕೂಸಿಗೆ ಕೊಡೆ ಹಿಡಿಯುವುದನ್ನು ಕಲಿಸಿದ ಹಾಗೆ. ಇನ್ನು ಕಲಿಸುವವರು ಯಾರು? ಆ 73ರಲ್ಲೇ ಒಬ್ಬರು. ಅಂದು ನಾನು.

ರಿಸರ್ವ್ ಬ್ಯಾಂಕಿನವರು ಮಕ್ಕಳಿಗೆಂದೇ ಚಿತ್ರಕಥೆಗಳನ್ನೂ ತಂದಿದ್ದಾರೆ. ಒಂದರಲ್ಲಿ ರಾಜು ಎಂಬ ಹುಡುಗ ಮತ್ತು ಹಣದ ಮರ. ನಮ್ಮ ಕಡೆಯ ಮಕ್ಕಳು ಹುಟ್ಟಿದಾಗಿನಿಂದ “ರೊಕ್ಕೇನು ಗಿಡದಾಗ ಬೆಳಿತಾವೇನ?” ಅಂತ ಬೈಸಿಕೊಂಡು ಬೆಳೆದವರು. ಕಡೆಗೆ ರಿಸರ್ವ್ ಬ್ಯಾಂಕೇ ಗಿಡದ ಚಿತ್ರ ಬರೆದು ತೋರಿಸಿದಾಗ, ಅಪ್ಪ ಇಷ್ಟು ದಿನ ಸುಳ್ಳು ಹೇಳಿದ ಅಂತ ಅವರಿಗೆ ಅನುಮಾನ ಬಂದರೆ ಯಾರು ಹೊಣೆ?

ಸಂತೆ ಮುಗಿದು ತರಗತಿಯೊಳಗೆ ನಾನು ಭಾಷಣಕ್ಕೆ ನಿಂತೆ. “ಮಕ್ಕಳೇ, ಹನಿ ಹನಿ ಕೂಡಿದರೆ ಹಳ್ಳ. ದಿನಕ್ಕ 10 ರೂಪಾಯಿ ಉಳಿಸಿರಿ ಅಂದರ ವರ್ಷಕ್ಕ 3,650 ರೂಪಾಯಿ ಆಗ್ತಾವ...”

ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. “ಎದರಾಗಿಂದರಿ ಸರ?”

ಕೇಳಿದವನ ಮುಖದಲ್ಲಿ ಕುಚೋದ್ಯ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ನನ್ನ ಕೈಯಲ್ಲಿದ್ದ ಪುಸ್ತಿಕೆಯನ್ನು ತಿರುವಿ ನೋಡಿದೆ. ಉಳಿಸುವುದು ಹೇಗೆ, ಎಲ್ಲಿ, ಏಕೆ, ಎಷ್ಟು ವರ್ಷ ಎಲ್ಲವೂ ಇತ್ತು. ಎದರಾಗಿಂದ ಎಂಬುದಿರಲಿಲ್ಲ. ನೀರು ಕುಡಿದು ಬಡ್ಡಿಯ ವಿಷಯಕ್ಕೆ ದಾಟಿದೆ. ಸಂಪನ್ಮೂಲ ವ್ಯಕ್ತಿ ಇಕ್ಕಟ್ಟಿಗೆ ಸಿಕ್ಕಾಗ ನೀರು ಕುಡಿಯಬೇಕೆಂಬುದು ತರಬೇತಿಯಲ್ಲೇ ಬರುತ್ತದೆ.

“ಒಬ್ಬ ರೈತ 10,000 ರೂಪಾಯಿ ಸಾಲ ತೊಗೊಂಡ. ಬಡ್ಡಿ ನೂರಕ್ಕ 12. ಒಂದು ವರ್ಷಕ್ಕ ಎಷ್ಟಾತು?”

“ತಿಂಗಳಿಗೋ ವರ್ಷಕ್ಕೋ ರೀ, ನೂರಕ್ಕ ಹನ್ನೆರಡು?”

“ವರ್ಷಕ್ಕ.”

ತರಗತಿಯಲ್ಲಿ ಗುಜುಗುಜು ಎದ್ದಿತು. ಮುಂದಿನ ಬೆಂಚಿನ ಹುಡುಗ ಎದ್ದು ನಿಂತು, “ವರ್ಷಕ್ಕ ಹನ್ನೆರಡರಂಗ ಯಾರು ಕೊಡ್ತಾರ್ರಿ ಸರ? ಅಡ್ರೆಸ್ ಹೇಳ್ರಿ, ನಮ್ಮಪ್ಪಗ ಹೇಳ್ತೀನಿ” ಅಂದ.

ಅವನ ಲೆಕ್ಕ ಬೇರೆ. ನೂರಕ್ಕೆ 3ರಂತೆ ತಿಂಗಳ ಬಡ್ಡಿ. ಹತ್ತು ಸಾವಿರಕ್ಕೆ ತಿಂಗಳಿಗೆ 300, ವರ್ಷಕ್ಕೆ 3,600. ಬಾಯಲ್ಲೇ ಹೇಳಿದ. ನೂರಕ್ಕೆ 5 ಆದರೆ 6,000. ಅದನ್ನೂ ಹೇಳಿದ. ಇದೇ ಹುಡುಗ ಗಣಿತದಲ್ಲಿ ಎರಡು ಸಲ ಫೇಲು ಎಂದು ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು. ಏಕೆಂದರೆ ಪರೀಕ್ಷೆಯಲ್ಲಿ ಬಡ್ಡಿ ವರ್ಷಕ್ಕೇ ಬರುತ್ತದೆ, ಮನೆಗೆ ತಿಂಗಳಿಗೆ ಬರುತ್ತದೆ. ಕಿರು ಸಾಲದ ಕಂಪನಿಯದಾದರೆ ವಾರಕ್ಕೇ ಬರುತ್ತದೆ, ಅದೂ ಬೆಳಿಗ್ಗೆ ಚಹಾಕ್ಕಿಂತ ಮೊದಲು. ಹತ್ತು ಜನ ಹೆಂಗಸರ ಗುಂಪು, ಒಬ್ಬಳ ಕಂತು ತಪ್ಪಿದರೆ ಒಂಬತ್ತು ಜನ ಅವಳ ಬಾಗಿಲಿಗೆ. ಸಾಲಗಾರನ ಮೇಲೆ ಸಾಲಗಾರನನ್ನೇ ಕಾವಲಿಟ್ಟ ಈ ಉಪಾಯ ಬಾಂಗ್ಲಾದೇಶದಿಂದ ಜಗತ್ತಿಗೆ ಹಬ್ಬಿತು. ಅದರ ಹರಿಕಾರ ಮುಹಮ್ಮದ್ ಯೂನುಸ್ ಅವರಿಗೆ 2006ರಲ್ಲಿ ಶಾಂತಿಯ ನೊಬೆಲ್ ಬಂತು. ನಮ್ಮ ಓಣಿಗೆ ಉಪಾಯವಷ್ಟೇ ಬಂತು, ಶಾಂತಿ ಬರಲಿಲ್ಲ. ವಸೂಲಿಯ ಕಾಟಕ್ಕೆ ಜನ ಪ್ರಾಣ ಬಿಟ್ಟ ಮೇಲೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದು ಜಾರಿಗೆ ಬಂದದ್ದು 2025ರ ಫೆಬ್ರವರಿಯಲ್ಲಿ. ಆರ್ಥಿಕ ಸಾಕ್ಷರತೆಯ ತಿಂಗಳಲ್ಲೇ, ನೋಡಿ. ಅದೇ ತಿಂಗಳು ಒಂದು ಕಡೆ ಮಕ್ಕಳಿಗೆ ‘ಸಾಲ ಜವಾಬ್ದಾರಿಯಿಂದ ಪಡೆಯಿರಿ’ ಎಂಬ ಚಿತ್ರಪಟ, ಇನ್ನೊಂದು ಕಡೆ ‘ಸಾಲ ಜವಾಬ್ದಾರಿಯಿಂದ ಕೇಳಿರಿ’ ಎಂಬ ಕಾಯ್ದೆ.

ಸಾಲದ ಪಾಠಕ್ಕೆ ಚಿತ್ರಪಟವನ್ನು ಮುಂಬೈಯಿಂದ ತರಿಸಬೇಕಾಗಿಯೇ ಇರಲಿಲ್ಲ. ಬಾದಾಮಿ ಇಲ್ಲೇ ಇದೆ. ಬಾದಾಮಿಯೇ ವಾತಾಪಿ. ಕೂಸಿಗೆ ಉಣಿಸಿ ಹೊಟ್ಟೆ ಸವರಿ ‘ವಾತಾಪಿ ಜೀರ್ಣೋಭವ’ ಅನ್ನುವ ಅಜ್ಜಿಯರಿಗೆಲ್ಲ ಆ ಕಥೆ ಗೊತ್ತು. ಇಲ್ವಲನೆಂಬ ರಕ್ಕಸ ತಮ್ಮ ವಾತಾಪಿಯನ್ನು ಟಗರು ಮಾಡಿ, ಕೊಯ್ದು, ಅಡಿಗೆ ಮಾಡಿ ಬಡಿಸುವುದು. ಉಂಡವನು ಕೈ ತೊಳೆಯುವಷ್ಟರಲ್ಲಿ “ವಾತಾಪೀ ಬಾ” ಎಂದು ಕರೆಯುವುದು. ತಮ್ಮ ಹೊಟ್ಟೆ ಬಗೆದು ಹೊರಗೆ ಬರುವುದು. ಮೊಬೈಲಿನ ಸಾಲದ ಆ್ಯಪ್‌ಗಳ ಕಾರ್ಯವಿಧಾನವನ್ನು ಇದಕ್ಕಿಂತ ಚೊಕ್ಕವಾಗಿ ಯಾವ ಬ್ಯಾಂಕಿನ ಸುತ್ತೋಲೆಯೂ ಹೇಳಿಲ್ಲ. ಉಣ್ಣುವಾಗ ರುಚಿ, ಆಧಾರ್ ಕಾರ್ಡೊಂದು ಸಾಕು, ಐದೇ ನಿಮಿಷ. ಆಮೇಲೆ ಕರೆ ಬರುತ್ತದೆ.

ಆದರೆ ಈ ಕಥೆಯ ಮೊದಲರ್ಧವನ್ನು ಅಜ್ಜಿಯರೂ ಹೇಳುವುದಿಲ್ಲ, ಮಾಸ್ತರರೂ ಹೇಳುವುದಿಲ್ಲ. ವಾತಾಪಿಯನ್ನು ಉಂಡು ಅರಗಿಸಿಕೊಂಡ ಅಗಸ್ತ್ಯರು ರಕ್ಕಸನ ಮನೆಗೆ ಊಟಕ್ಕೆಂದು ಹೋದವರಲ್ಲ. ಮಹಾಭಾರತದ ವನಪರ್ವದಲ್ಲಿ ಇದು ವಿವರವಾಗಿದೆ. ಹೆಂಡತಿ ಲೋಪಾಮುದ್ರೆ ವಿದರ್ಭದ ರಾಜಕುಮಾರಿ. ತವರಿನಲ್ಲಿದ್ದಂಥ ಹಾಸಿಗೆ, ಒಡವೆ ಬೇಕೆಂದಳು. ತಪಸ್ಸನ್ನು ಖರ್ಚು ಮಾಡದೆ ತಂದುಕೊಡಿ ಎಂದೂ ಹೇಳಿದಳು, ಅಂದರೆ ಅಸಲು ಮುಟ್ಟಬಾರದು. ಅಗಸ್ತ್ಯರು ಮೂವರು ರಾಜರ ಬಳಿ ಹೋದರು. ಮತ್ತೊಬ್ಬರಿಗೆ ತೊಂದರೆ ಆಗದಂತೆ ಕೊಡಲು ಸಾಧ್ಯವಿದ್ದರೆ ಮಾತ್ರ ಕೊಡಿ ಎಂದರು. ಒಬ್ಬೊಬ್ಬ ರಾಜನೂ ತನ್ನ ಆಯ-ವ್ಯಯದ ಲೆಕ್ಕ ಬಿಚ್ಚಿ ಮುಂದಿಟ್ಟ. ಋಷಿ ನೋಡಿದರು: ಬಂದದ್ದಕ್ಕೂ ಹೋದದ್ದಕ್ಕೂ ಸರಿಸಮ. ತೆಗೆದುಕೊಂಡರೆ ಪ್ರಜೆಗಳಿಗೆ ಕಷ್ಟ. ಮುಟ್ಟದೆ ಎದ್ದರು. ಕಡೆಗೆ ಋಷಿ, ಮೂವರು ರಾಜರು ನಾಲ್ಕೂ ಜನ ಕೂಡಿ ಹೆಚ್ಚುವರಿ ಸಂಪತ್ತು ಯಾರ ಬಳಿ ಇದೆ ಎಂದು ಹುಡುಕಿದರೆ ಸಿಕ್ಕವನು ಇಲ್ವಲ. ರಕ್ಕಸ.

ಇಷ್ಟು ಪುರಾತನ ಲೆಕ್ಕಪರಿಶೋಧನೆ ನಮ್ಮ ಜಿಲ್ಲೆಯ ಊರಿನ ಹೆಸರಿನಲ್ಲೇ ಇದೆ. ಬಾದಾಮಿಯ ಮಕ್ಕಳಿಗೆ ಹೇಳಿದ್ದರೆ, ದೇಶದಲ್ಲಿ ಖಜಾನೆ ಸರಿಸಮ ಇದ್ದವನು ರಾಜ, ಉಳಿದು ತುಳುಕಿದವನು ಯಾರು ಎಂದು ಅವರೇ ಕೇಳುತ್ತಿದ್ದರು. ಅಂಥ ಪ್ರಶ್ನೆ ಸಪ್ತಾಹಕ್ಕೆ ಒಗ್ಗುವುದಿಲ್ಲ. ಮೇಲಾಗಿ ಇಲ್ವಲರು ಶಾಲೆಗೆ ಬೆಂಚು, ನೋಟ್‌ಬುಕ್ಕು ದಾನ ಮಾಡಿರುತ್ತಾರೆ.

ಒಮ್ಮೆ ಬಾದಾಮಿಗೆ ಹೋದಾಗ ಗುಹೆಯ ಮೆಟ್ಟಿಲಲ್ಲಿ ಕೋತಿಯೊಂದು ನನ್ನ ಕೈಯಿಂದ ಬಾಳೆಹಣ್ಣು ಕಸಿಯಿತು. ರಸೀದಿ ಕೊಡಲಿಲ್ಲ ಎಂಬುದೊಂದನ್ನು ಬಿಟ್ಟರೆ ತೆರಿಗೆಯ ಪಾಠ ಪೂರ್ತಿ ಆಯಿತು.

ಅಲ್ಲಿಂದ ಬನಶಂಕರಿಗೆ ಹೋದರೆ ಗುಡಿಯ ಹತ್ತಿರ ರೊಟ್ಟಿ ಮಾರುವ ತಾಯಂದಿರು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ರಂಜಕ, ಪುಟ್ಟ ಗಡಿಗೆಯಲ್ಲಿ ಮೊಸರು. ಬನದ ಹುಣ್ಣಿಮೆಯ ಜಾತ್ರೆಗೆ ಎಷ್ಟು ಹಿಟ್ಟು ಬೀಸಬೇಕು, ಸಾದಾ ಮಂಗಳವಾರಕ್ಕೆ ಎಷ್ಟು, ನಾಟಕ ಕಂಪನಿಗಳ ಆಟ ಬಿಡುವ ಹೊತ್ತಿಗೆ ಹಸಿದು ಬರುವವರು ಎಷ್ಟು, ಹೊತ್ತು ಇಳಿದು ಮೊಸರು ಹುಳಿಯಾಗುವ ಮುನ್ನ ಎಷ್ಟಕ್ಕೆ ಬಿಟ್ಟುಕೊಡಬೇಕು, ಕಾರಿನಿಂದ ಇಳಿದವನಿಗೆ ಎಷ್ಟು, ಬಸ್ಸಿನಿಂದ ಇಳಿದವನಿಗೆ ಎಷ್ಟು? ಒಬ್ಬಾಕೆ ನನಗೆ ಇದನ್ನೆಲ್ಲ ಎರಡು ರೊಟ್ಟಿ ಮುಗಿಯುವುದರೊಳಗೆ ತಿಳಿಸಿದಳು. ಬೇಡಿಕೆ, ಪೂರೈಕೆ, ಬೆಲೆಯ ಏರಿಳಿತ, ಹಾಳಾಗುವ ಸರಕಿನ ಅಪಾಯ, ಏನು ಉಳಿಯಿತು? “ನಮ್ಮ ಶಾಲಿಗೆ ಬಂದು ಹೇಳ್ತೀಯೇನವ್ವಾ?” ಎಂದು ಕೇಳಿದೆ. “ನನಗ ಸಹಿ ಬರೂದಿಲ್ಲಪಾ” ಅಂದಳು. ಹೌದು, ಸಂಪನ್ಮೂಲ ವ್ಯಕ್ತಿ ಹಾಜರಿ ಪತ್ರಕ್ಕೆ ಸಹಿ ಮಾಡಬೇಕು. ಆ ಒಂದು ಅರ್ಹತೆ ನನ್ನಲ್ಲಿದೆ.

ಇನ್ನು ಪಠ್ಯಪುಸ್ತಕ. ಅರ್ಥಶಾಸ್ತ್ರ ಇಲ್ಲ ಅನ್ನುವಂತಿಲ್ಲ. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ ಮುಗಿದು, ರಾಜ್ಯಶಾಸ್ತ್ರ ಮುಗಿದು, ಸಮಾಜಶಾಸ್ತ್ರ, ಭೂಗೋಳ ಎಲ್ಲ ದಾಟಿದ ಮೇಲೆ ಬಾಲದಲ್ಲಿ ಅರ್ಥಶಾಸ್ತ್ರ ಬರುತ್ತದೆ. ಬಾಲದ ತುದಿಯ ಕುಚ್ಚು ವ್ಯವಹಾರ ಅಧ್ಯಯನ. ‘ಬ್ಯಾಂಕು ವ್ಯವಹಾರಗಳು’, ‘ಉದ್ಯಮಗಾರಿಕೆ’, ‘ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ’ ಎಂಬ ಒಳ್ಳೊಳ್ಳೆಯ ಪಾಠಗಳು ಅಲ್ಲಿವೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಜನವರಿ ಮುಗಿದಿರುತ್ತದೆ, ಪಾಸಿಂಗ್ ಪ್ಯಾಕೇಜ್ ಬಂದಿರುತ್ತದೆ. “ಅದನ್ನ ಬಿಡ್ರಿ, ಭಾರತದ ನಕಾಶೆ ತಿದ್ದ್ರಿ. ನಕಾಶೆ ಗ್ಯಾರಂಟಿ ಅಂಕ.” ಇದ್ದ ಅಲ್ಪ ಸಮಯವನ್ನು ಹೆಚ್ಚು ಲಾಭ ಬರುವ ಕಡೆ ಹಾಕುವುದು! ಅರ್ಥಶಾಸ್ತ್ರವನ್ನು ಓದದೆ ಬಿಡುವ ಮೂಲಕವೇ ಅರ್ಥಶಾಸ್ತ್ರ ಕಲಿಯುವ ಏಕೈಕ ನಾಡು ನಮ್ಮದು.

ಹಣದುಬ್ಬರಕ್ಕೂ ಉದಾಹರಣೆ ಮನೆಯಲ್ಲೇ ಇದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ವೆಬ್‌ಕ್ಯಾಮೆರಾ ಇಟ್ಟು ನಕಲು ತಡೆದರು. ಫಲಿತಾಂಶ ಕುಸಿಯಿತು. ಆಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಕೃಪಾಂಕಕ್ಕೆ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದರು. ನೋಟು ಅಚ್ಚು ಹಾಕುವುದು ಬೇರೆ ಏನು? ನಾಸಿಕ್‌ನವರು ಕಾಗದವನ್ನಾದರೂ ಖರ್ಚು ಮಾಡುತ್ತಾರೆ.

ಇಳಕಲ್ಲಿನ ಮಗ್ಗದ ಮನೆಯ ಮಕ್ಕಳ ಮುಂದೆ ‘ಉತ್ಪಾದನಾಂಗಗಳು ನಾಲ್ಕು: ಭೂಮಿ, ಶ್ರಮ, ಬಂಡವಾಳ, ಸಂಘಟನೆ’ ಎಂದು ಬರೆಸುವುದು ಇನ್ನೂ ಮಜಾ. ಶಾಲೆ ಬಿಟ್ಟು ಹೋಗಿ ಕಂಡಿಕೆ ಸುತ್ತುವ ಹುಡುಗಿಗೆ ಅದು ಹೀಗೆ ಗೊತ್ತು: ನೂಲು ಸಾವುಕಾರಂದು, ರೇಷ್ಮಿ ಸಾವುಕಾರಂದು, ಮಗ್ಗದ ಕುಣಿ ಮತ್ತು ಬೆನ್ನು ಅಪ್ಪಂದು. ಸೀರೆ ಮುಗಿದರೆ ಮಜೂರಿ. ಹಾಸು ಹೂಡಲು ಕೂಡಿದ ಅವ್ವ, ಕಂಡಿಕೆ ಸುತ್ತಿದ ತಂಗಿ ಮಜೂರಿಯ ಚೀಟಿಯಲ್ಲಿ ಎಲ್ಲೂ ಇಲ್ಲ. ಇಲ್ಲಿಯೂ ಎಣ್ಣಿ ಅವ್ವಂದೇ. ಅದೇ ಸೀರೆ ಬೆಂಗಳೂರಿನ ಎಸಿ ಅಂಗಡಿಯಲ್ಲಿ ‘ಕೈಮಗ್ಗದ ಪರಂಪರೆ’ ಎಂಬ ಚೀಟಿ ಅಂಟಿಸಿಕೊಂಡು ಗಾಜಿನೊಳಗೆ ನಿಂತಾಗ, ಚೀಟಿಯ ಮೇಲಿನ ಬೆಲೆಯನ್ನು ನೇಕಾರನಿಗೆ ಹೇಳಬಾರದು, ಎದೆ ಒಡೆದೀತು. ಇಳಕಲ್ ಸೀರೆಯ ಹೆಚ್ಚುಗಾರಿಕೆಯೇ ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಬೆಸೆಯುತ್ತಾರೆ, ಅದೇ ತೋಪು ತೆನೆಯ ಸೆರಗು. ನಮ್ಮ ಪಾಠದ ಒಡಲಿಗೂ ಮಕ್ಕಳ ಮನೆಯ ಸೆರಗಿಗೂ ಅಂಥ ಕೊಂಡಿ ಹಾಕುವ ಕೈ ಇಲಾಖೆಯಲ್ಲಿ ಯಾರದೂ ಇಲ್ಲ. ಇದ್ದರೂ ಅವರನ್ನು ಜನಗಣತಿಗೆ ಕಳಿಸಿರುತ್ತಾರೆ.

ಇಳಕಲ್ಲಿನ ಮಾತು ಬಂದಾಗ ಮಹಾಂತ ಜೋಳಿಗೆ ನೆನಪಾಗದೆ ಇರದು. ಇಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕೇಳಿದ್ದು ಕಾಳಲ್ಲ, ಕಾಸಲ್ಲ. ನಿಮ್ಮ ಬೀಡಿ, ಗುಟಕಾ, ಸೆರೆ ಕೊಡಿ ಎಂದು ಕೇಳಿದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನನಗೆ ಗೊತ್ತಿದ್ದಂತೆ ಈ ಭಾಗದಲ್ಲಿ ನಡೆದ ದೊಡ್ಡ ವೈಯಕ್ತಿಕ ಹಣಕಾಸು ಕಾರ್ಯಕ್ರಮ ಅದೇ. ಸೇದಿ ಸುಟ್ಟ ರೊಕ್ಕ ಮನೆಗೆ ಉಳಿಯಿತು. ಪವರ್‌ಪಾಯಿಂಟ್ ಇರಲಿಲ್ಲ, ಅನುದಾನ ಇರಲಿಲ್ಲ. ಈಗಿನ ಜೋಳಿಗೆಗೆ ಮೊಬೈಲನ್ನೇ ಹಾಕಬೇಕಾದೀತು. ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಅಲ್ಲಿಯವರೆಗೆ ಅದರ ಜಾಹೀರಾತಿನಲ್ಲಿ ಬ್ಯಾಟು ಹಿಡಿದು ನಗುತ್ತಿದ್ದವರ ಚಿತ್ರ ಮಕ್ಕಳ ಕಂಪಾಸ್ ಪೆಟ್ಟಿಗೆಯ ಮೇಲೂ ಇತ್ತು.

ಕೂಡಲಸಂಗಮ, ಐಹೊಳೆ ಎರಡೂ ಹುನಗುಂದದ ಸೀಮೆಯವೇ. ಐಹೊಳೆ ಒಂದು ಕಾಲಕ್ಕೆ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘದ ತವರು. ಆ ಐನೂರ್ವರ ಹೆಸರು ಸುಮಾತ್ರಾದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಇದೆ. ಸಮುದ್ರ ದಾಟಿದ ವ್ಯಾಪಾರಸ್ಥರ ಊರಿನಲ್ಲಿ ನಿಂತು ನಾವು ಮಕ್ಕಳಿಗೆ ‘ಚಲನ್ ತುಂಬುವುದು ಹೇಗೆ’ ಎಂದು ಕಲಿಸುತ್ತೇವೆ. ಕೂಡಲಸಂಗಮದ ಬಸವಣ್ಣನಂತೂ ಬಿಜ್ಜಳನ ಭಂಡಾರಿ, ಇವತ್ತಿನ ಮಾತಿನಲ್ಲಿ ಹಣಕಾಸು ಮಂತ್ರಿ. ಅವನ ಕಾಲದ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತೇನೆಂದು ನಾನು ಒಂದು ರಸಪ್ರಶ್ನೆ ತಯಾರಿಸಿಕೊಂಡು ಹೋಗಿದ್ದೆ. ಪ್ರಶ್ನೆ: ಎಂದಿಗಿಂತ ಹೆಚ್ಚು ಆದಾಯ ಬಂದ ದಿನ ಏನು ಮಾಡಬೇಕು? ಅ) ಉಳಿತಾಯ ಖಾತೆ, ಆ) ಮ್ಯೂಚುವಲ್ ಫಂಡ್, ಇ) ವಿಮೆ, ಈ) ಮೇಲಿನ ಎಲ್ಲವೂ. ಬರೆದ ಮೇಲೆ ಹೊಳೆಯಿತು, ಲಕ್ಕಮ್ಮನ ಉತ್ತರಕ್ಕೆ ಜಾಗವೇ ಇಲ್ಲ. ಗಂಡ ಮಾರಯ್ಯ ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಹೇಳಿದ್ದು ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು. ನಾಲ್ಕು ಶಾಸನಬದ್ಧ ಸಂಸ್ಥೆ ಸೇರಿ ನಡೆಸುವ ಪರೀಕ್ಷೆಯಲ್ಲಿ ಲಕ್ಕಮ್ಮನಿಗೆ ಸೊನ್ನೆ. ಮಾರಯ್ಯ ಪಾಸು.

ಸಣ್ಣವರ ಹಣಕ್ಕೆ ನಮ್ಮಲ್ಲಿ ಕಾಳಜಿ ಬಹಳ. 10 ವರ್ಷ ತುಂಬಿದ ಮಗು ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿತ್ತು, 2025ರಲ್ಲಿ ಮತ್ತೊಮ್ಮೆ ಹೇಳಿತು. ಖಾತೆ ನಡೆಸಬಹುದು, ಕೌಂಟರಿನ ಗಾಜಿನ ಕಂಡಿಗೆ ಕೈ ಎಟುಕುವುದು ಮಗುವಿಗೆ ಬಿಟ್ಟದ್ದು. 2024ರ ಸೆಪ್ಟೆಂಬರ್ 18ರಂದು ‘ಎನ್‌ಪಿಎಸ್ ವಾತ್ಸಲ್ಯ’ ಬಂತು. ಕೂಸಿನ ಹೆಸರಿನಲ್ಲಿ ಪಿಂಚಣಿ. ಹಾಲುಹಲ್ಲು ಬೀಳುವ ಮೊದಲೇ ನಿವೃತ್ತಿಯ ಚಿಂತೆ. ಇದನ್ನು ಮಕ್ಕಳಿಗೆ ವಿವರಿಸಿರಿ ಎಂದು ನಾನು ಪಕ್ಕದ ಮಾಸ್ತರರಿಗೆ ಹೇಳಿದೆ. ಅವರು 2006ರ ಏಪ್ರಿಲ್ 1ರ ನಂತರ ನೌಕರಿಗೆ ಸೇರಿದವರು, ಅಂದರೆ ಎನ್‌ಪಿಎಸ್‌ನವರು. ಎದ್ದು ನಿಂತರು, ಗಂಟಲು ಸರಿ ಮಾಡಿಕೊಂಡರು. “ಮಕ್ಕಳೇ, ಹಳೇ ಪಿಂಚಣಿ ಅಂತ ಒಂದಿತ್ತು...” ಅಂದವರು ಮುಂದೆ ಮಾತಾಡಲಾಗದೆ ಕುಳಿತರು.

ನಿಜವಾದ ಅರ್ಥಶಾಸ್ತ್ರಜ್ಞರೆಂದರೆ ಹೆಡ್‌ಮಾಸ್ತರರು. ಮಕ್ಕಳಿಗೆ ಕೊಡುವ ಮೊಟ್ಟೆಗೆ ಅಂದು ಸರ್ಕಾರ ಕಟ್ಟಿದ್ದ ದರ 6 ರೂಪಾಯಿ. ಆ ಆರರಲ್ಲೇ ಕೊಳ್ಳಬೇಕು, ತರಬೇಕು, ಕುದಿಸಬೇಕು, ಸುಲಿಯಬೇಕು. ಕೋಳಿಗೆ ಸರ್ಕಾರದ ಸುತ್ತೋಲೆ ಮುಟ್ಟಿರುವುದಿಲ್ಲ. ಪೇಟೆಯಲ್ಲಿ ಮೊಟ್ಟೆಯ ದರವೇ ಆರು ದಾಟಿದ ದಿನ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಜೇಬಿನಿಂದ. ಯಾವ ವಹಿಯಲ್ಲಿ ಬರೆಯುತ್ತೀರಿ ಎಂದು ಕೇಳಿದೆ. ಹೆಡ್‌ಮಾಸ್ತರರು ಮಿರ್ಚಿ ಹುಡುಗಿಯ ಕಡೆ ನೋಡಿ ನಕ್ಕರು.

ಬಾಗಲಕೋಟೆಗೆ ಬಂದರಂತೂ ಲೆಕ್ಕದ ಅಂಕಿಗಳೇ ಉದ್ದ. ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ನೀರು ನಿಂತು, ಹಳೆಯ ಬಾಗಲಕೋಟೆಯ ಓಣಿಗಳು ಒಳಗೆ ಹೋಗಿ, ನವನಗರ ಎದ್ದು, ಕೂಸುಗಳು ಅಜ್ಜರಾದರೂ ಯೋಜನೆ ಮುಗಿದಿಲ್ಲ. ಈಗ ನೀರನ್ನು 519.6 ಮೀಟರಿನಿಂದ 524.256ಕ್ಕೆ ನಿಲ್ಲಿಸಬೇಕು. ಅದಕ್ಕೆ ಇನ್ನೂ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗಬೇಕು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ದರ ಕಟ್ಟಿತು: ಎಕರೆಗೆ ನೀರಾವರಿ ಹೊಲಕ್ಕೆ 40 ಲಕ್ಷ, ಖುಷ್ಕಿಗೆ 30 ಲಕ್ಷ. ಹಿಂದಿನ ಸಲದ ಪರಿಹಾರದ ರೊಕ್ಕ ಬಂದಾಗ ನಾನು ಕಂಡದ್ದಿಷ್ಟು: ಮೊದಲು ಮೋಟರ್‌ಸೈಕಲ್ಲು, ಆಮೇಲೆ ಮದುವೆ, ಆಮೇಲೆ ತಮ್ಮನ ಮೇಲೆ ಕೋರ್ಟು, ಕಡೆಗೆ ಮೋಟರ್‌ಸೈಕಲ್ಲು ಮಾರಾಟ. ಆ ರೊಕ್ಕದ ವಾಸನೆ ಹಿಡಿದು ‘ಐದು ವರ್ಷಕ್ಕೆ ಡಬಲ್’ನವರು ಊರು ಹೊಕ್ಕಾಗ ಯಾವ ಸಾಕ್ಷರತಾ ಸಪ್ತಾಹವೂ ಅಡ್ಡ ಬರಲಿಲ್ಲ. ಪಾಠ ಬೇಕಾದದ್ದು ಆಗ, ಆ ಅಪ್ಪಂದಿರಿಗೆ. ಅವರ ಮಕ್ಕಳು ಆ ಹೊತ್ತಿಗೆ ಶಾಲೆಯಲ್ಲಿ ಪಿಗ್ಮಿ ಡಬ್ಬಿಗೆ ಬಣ್ಣ ಹಚ್ಚುತ್ತಿದ್ದರು.

ಈ ಮುಳುಗಡೆಯ ಕಥೆಯನ್ನೇ ಭಾಷಣದಲ್ಲಿ ಸ್ವಲ್ಪ ಸಕ್ಕರೆ ಹಚ್ಚಿ ಹೇಳಿದೆ. ಸರ್ಕಾರವೂ ಸಾಲ ಮಾಡುತ್ತದೆ, ಅದಕ್ಕೂ ಬಜೆಟ್ ಇದೆ, ಕೆಲವೊಮ್ಮೆ ಪರಿಹಾರ ಕೊಡುವುದು ತಡವಾಗುತ್ತದೆ ಎಂದೆ. ‘ಎದರಾಗಿಂದರಿ’ ಕೇಳಿದ ಹುಡುಗನೇ ಮತ್ತೆ ಎದ್ದ.

“ಸರ, ಸರ್ಕಾರದ ಕಂತು ತಪ್ಪಿದರ ಅವರ ಮನಿ ಮುಂದ ಯಾರು ಬಂದು ಕುಂದರತಾರ್ರಿ?”

ನಾನು ಮತ್ತೆ ನೀರು ಕುಡಿದೆ. ವಂದನಾರ್ಪಣೆ ಆಯಿತು. ಶಾಲು, ಒಂದು ತೆಂಗಿನಕಾಯಿ, ಅಮೀನಗಡದ ಕರದಂಟಿನ ಪೊಟ್ಟಣ ಕೊಟ್ಟರು. ಬಸ್ಸಿನ ಚಾರ್ಜು ನನ್ನದೇ.

ಬಸ್ ನಿಲ್ದಾಣದ ಕಟ್ಟೆಯಲ್ಲಿ ಕುಳಿತಿದ್ದಾಗ ಮಿರ್ಚಿ ಹುಡುಗಿ ಓಡುತ್ತ ಬಂದಳು. ಬಗಲಲ್ಲಿ ಸ್ಟೀಲ್ ಡಬ್ಬಿ, ಕೈಯಲ್ಲಿ ನೋಟ್‌ಬುಕ್ಕು. ಹಿಂದೆ ನಾಲ್ಕು ಹೆಜ್ಜೆ ದೂರ, ತಲೆಯ ಮೇಲೆ ಸೆರಗು ಎಳೆದುಕೊಂಡು ಖಾಲಿ ಬುಟ್ಟಿ ಹಿಡಿದ ಅವ್ವ.

“ಸರ, ನೀವು ಬಂಡವಾಳ ಕೇಳಿದ್ರೆಲ್ಲ, ಅವ್ವನ್ನ ಕೇಳಿ ಬರದೀನ್ರಿ. ನೋಡ್ರಿ.”

ನೋಡಿದೆ. ಎಣ್ಣಿ 150. ಕಡ್ಲಿಹಿಟ್ಟು 100. ಮೆಣಸಿನಕಾಯಿ, ಪ್ಯಾಟಿ ದರ, 40. ಒಟ್ಟು 290. ವ್ಯಾಪಾರ 240. ಹಾನಿ 50. ಅದರ ಕೆಳಗೆ ‘ಅವ್ವನ ಕೂಲಿ’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು.

“ಇದನ್ಯಾಕ ಖಾಲಿ ಬಿಟ್ಟಿ?”

“ಎಷ್ಟು ಅಂತ ಕೇಳಿದ್ರ ಅವ್ವ ಹೇಳವಲ್ಲಳ್ರಿ. ಬರೀ ನಗತಾಳ.”

ಅವ್ವ ಅಲ್ಲಿಂದಲೇ ಅಂದಳು, “ಅದನ್ನೆಲ್ಲಾ ಅಳಸಂತ ಹೇಳ್ರಿ ಸರ. ನಾಳೆ ಅಕ್ಕೋರು ನೋಡಿದ್ರ ಡಬ್ಬಿ ಹೊಳ್ಳಿ ಇಸಗೋತಾರ.”

ಹುಡುಗಿ ಕಟ್ಟೆಯ ಮೇಲೆ ನೋಟ್‌ಬುಕ್ಕು ಇಟ್ಟು ಕುಳಿತು, ಕಂಪಾಸ್ ಪೆಟ್ಟಿಗೆಯಿಂದ ರಬ್ಬರು ತೆಗೆದು ಕೆಳಗಿನಿಂದ ಮೇಲಕ್ಕೆ ಅಳಿಸತೊಡಗಿದಳು. ಕೂಲಿ ಹೋಯಿತು, ಹಾನಿ ಹೋಯಿತು. ಎಣ್ಣಿಗೆ ಬಂದಾಗ ಕೈ ನಿಂತಿತು. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತ್ತು.

“ಸರ, ಈ ರಬ್ಬರೂ ಅವ್ವನ ಕೊಡಸ್ಯಾಳ್ರಿ. ಇದನ್ನೂ ಬರೀಬೇಕೇನ್ರಿ?”